ರಂಗೋಲಿ ಚುಕ್ಕಿಯಿಟ್ಟು ಅಳೆದ ದಾರಿ

ಸೈಕಲ್ ಟಯರಿನ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಪಕ್ಕದ ಮನೆಯ ಅಕ್ಕ ನೆನಪಾಗುತ್ತಾಳೆ. ಹೋದ ಭಾನುವಾರವೂ ಹಾಗೇ ಆಯಿತು. ಆಫೀಸಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು ಈಚೆಗೆ ಸೈಕಲ್ ಕಲಿತಿದ್ದಾಳೆ. ಒಂದು ಸೈಕಲ್ ಕೊಳ್ಳಬೇಕು, ಜೊತೆಗೆ ಬಾ ಎಂದು ಹೊಸೂರಿನ ಅಂಗಡಿಯೊಂದಕ್ಕೆ ಕರೆದುಕೊಂಡು ಹೋಗಿದ್ದಳು. ಸೈಕಲ್ ಆರಿಸಿಯಾಯಿತು. ಅಷ್ಟರಲ್ಲಿ ಅಂಗಡಿಯವನು ಗಾಜಿನ ಕಪಾಟಿನಿಂದ ಬೆಂಕಿಪೊಟ್ಟಣದಷ್ಟು ಗಾತ್ರದ ಯಂತ್ರವೊಂದನ್ನು ತೆಗೆದು ಮೇಜಿನ ಮೇಲಿಟ್ಟ.

"ಇದಿಲ್ದೆ ತುಳಿದು ಏನ್ ಪ್ರಯೋಜನ ಮೇಡಂ? ಎಷ್ಟು ದೂರ ಹೋದ್ರಿ ಅಂತ್ಲೇ ಗೊತ್ತಾಗಲ್ಲ. ಸೀರಿಯಸ್ಸಾಗಿ ಸೈಕ್ಲಿಂಗ್ ಮಾಡೋರೆಲ್ಲ ಇದನ್ನೇ ತಗೊಳ್ಳೋದು."

ಅದರ ಬೆಲೆ ಹೆಚ್ಚುಕಡಿಮೆ ಸೈಕಲ್ಲಿನಷ್ಟೇ ಇತ್ತು. ಹುಡುಗಿಯ ಮುಖ ಬಾಡಿತು. ಸೈಕಲ್ಲೇ ಬೇಡ, ಇನ್ನೊಂದು ಸಲ ನೋಡೋಣ ಎಂಬಂತೆ ನನ್ನ ಕಡೆ ತಿರುಗಿದಳು. ನನಗೆ ಮೈಯೆಲ್ಲ ಉರಿಯಿತು. ಯಂತ್ರ ಕೆಟ್ಟದ್ದೆಂದಲ್ಲ. ಇದ್ದವರು ಕೊಳ್ಳಲಿ. ಆದರೆ ಇದಿಲ್ಲದಿದ್ದರೆ ನೀನು ತುಳಿದದ್ದೇ ಲೆಕ್ಕಕ್ಕಿಲ್ಲ ಎಂದು ಹೊಸಬರ ಮುಖಕ್ಕೆ ಹೇಳುವುದಿದೆಯಲ್ಲ, ಅದು ಅನ್ಯಾಯ. ಅಲ್ಲೇ ನಿಂತು ಅವಳಿಗೆ ಹೇಳಿದೆ: ನಿನ್ನ ಫೋನಿನಲ್ಲಿ ಬಿಟ್ಟಿಯಾಗಿ ಸಿಗುವ ಆ್ಯಪ್ ಹಾಕಿಕೊಂಡು ಜೇಬಿನಲ್ಲಿಟ್ಟುಕೊಂಡು ಹೊರಡು, ಅದೇ ದೂರ ಬರೆದುಕೊಳ್ಳುತ್ತದೆ. ಫೋನಿನ ಚಾರ್ಜು ಸಾಲದಿದ್ದರೆ ಚಕ್ರದ ಕಡ್ಡಿಗೊಂದು ಅಯಸ್ಕಾಂತ ಕಟ್ಟುವ, ವೈರು ಇರುವ ಸಣ್ಣ ಮೀಟರು ಸಿಗುತ್ತದೆ, ಅದಕ್ಕೆ ಹೆಚ್ಚು ದುಡ್ಡು ಬೇಕಿಲ್ಲ. ಅದೂ ಬೇಡವೇ, ಹೆದ್ದಾರಿಯಲ್ಲಿ ಕಿಲೋಮೀಟರ್ ಕಲ್ಲುಗಳಿವೆ, ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ತುಳಿ. ಮೀಟರು ಹಾಕುವುದಾದರೆ ಮಾತ್ರ ಒಂದು ಎಚ್ಚರ, ಚಕ್ರದ ಅಳತೆ ಸರಿಯಾಗಿ ಕೊಡಬೇಕು. ಅದು ತಪ್ಪಿದರೆ...

ಅದು ತಪ್ಪಿದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಮಾತು ಅಲ್ಲಿಗೇ ನಿಲ್ಲಿಸಿದೆ.

ಬಾಗಲೂರು ರಸ್ತೆಯಿಂದ ಒಳಕ್ಕೆ ಹೋದರೆ ನಮ್ಮೂರು. ನಮ್ಮ ಮನೆಗೂ ಅಕ್ಕನ ಮನೆಗೂ ನಡುವೆ ಒಂದೇ ಗೋಡೆ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ತಾಯಿಯ ಮನೆಗೇ ಬಂದಿದ್ದಳು. ನಾನಾಗ ಹೊಸೂರಿನ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ, ಸ್ಟೋರ್ಸಿನಲ್ಲಿ ಹಗಲು ಪಾಳಿ ಮಾಡಿಕೊಂಡು, ಅಂಚೆ ಮೂಲಕ ಬಿ.ಕಾಂ. ಓದುತ್ತಿದ್ದೆ. ನಮ್ಮ ವಂಶದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ, ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ ಅದು. ಅದೇ ಕಾರ್ಖಾನೆಗೆ ಅಕ್ಕನೂ ಕಾಂಟ್ರಾಕ್ಟ್ ಕೆಲಸಕ್ಕೆ ಸೇರಿದಳು. ಅವಳಿಗೆ ಸಿಕ್ಕಿದ್ದು ಸಂಜೆ ಪಾಳಿ. ಪಾಳಿ ಬಿಡುವ ಹೊತ್ತಿಗೆ ನಮ್ಮೂರ ಕಡೆಯ ಬಸ್ಸು ಇರುತ್ತಿರಲಿಲ್ಲ.

ಹಾಗಾಗಿ ಮೂವತ್ತು ದಾಟಿದ ಮೇಲೆ ಅವಳು ಸೈಕಲ್ ಕಲಿತಳು. ಶಾಲೆಯಲ್ಲಿ ಸರ್ಕಾರದವರು ನನಗೆ ಕೊಟ್ಟಿದ್ದ ಸೈಕಲ್ಲೇ ಅವಳಿಗೂ ಆಯಿತು. ಕೆರೆ ಏರಿಯ ಮೇಲೆ ನಾನು ಹಿಂದೆ ಹಿಡಿದುಕೊಂಡು ಓಡುತ್ತಿದ್ದೆ, ಅವಳು ಸೀರೆ ಎತ್ತಿ ಸಿಕ್ಕಿಸಿಕೊಂಡು ತುಳಿಯುತ್ತಿದ್ದಳು. ಎಮ್ಮೆ ತೊಳೆಯುತ್ತಿದ್ದ ಗಂಡಸರು ನಗುತ್ತಿದ್ದರು. "ಬೀಳ್ತೀಯ ಕಣಮ್ಮಿ, ಸೊಂಟ ಮುರೀತದೆ" ಎಂದು ಒಬ್ಬರು ಕೂಗಿದರೆ, ಇವಳು ತಿರುಗಿಯೂ ನೋಡದೆ, "ಮುರಿದ್ರೆ ನಿನ್ ಎಮ್ಮೆ ಮ್ಯಾಲೆ ಕುಂತ್ಕಂಡು ಹೋಯ್ತೀನಿ, ತೊಳ್ದು ಇಟ್ಟಿರು ಮಾವ" ಎನ್ನುತ್ತಿದ್ದಳು. ಎಂಥ ಬಾಯಿ ಅವಳದು...

ಕಲಿತಳು, ಕೆಲಸಕ್ಕೂ ಹೋಗಿಬಂದಳು. ಆದರೆ ದಾರಿ ಸುಖದ್ದಲ್ಲ. ಹಿಂದೆಲ್ಲ ನಮ್ಮೂರಿಂದ ಹೊಸೂರಿಗೆ ನೆಟ್ಟಗೆ ಒಂದು ಗಾಡಿ ದಾರಿ ಇತ್ತು. ನಮ್ಮಜ್ಜ ರಾಗಿ ಮೂಟೆಯ ಗಾಡಿ ಹೊಡೆದುಕೊಂಡು ಹೋದ ದಾರಿ. ಒಂದೊಂದೇ ಕಾರ್ಖಾನೆಯ ಕಾಂಪೌಂಡು ಎದ್ದಂತೆ ಆ ದಾರಿ ಗೋಡೆಯೊಳಗೆ ಸೇರಿಹೋಯಿತು. ಯಾರೂ ನಮ್ಮನ್ನು ಕೇಳಲಿಲ್ಲ. ಈಗ ಗೋಡೆಯ ಪಕ್ಕದಲ್ಲೇ ನೀಲಗಿರಿ ತೋಪು ಬಳಸಿಕೊಂಡು ಹೋಗಬೇಕು. ಅಲ್ಲಿ ದೀಪವಿಲ್ಲ. ಬೈಕಿನಲ್ಲಿ ಕೆಲವರು ಹಿಂದೆ ಬರುವುದು, ಪಕ್ಕಕ್ಕೆ ಬಂದು ನಿಧಾನ ಮಾಡುವುದು ಶುರುವಾಗಿತ್ತು. ಅಕ್ಕ ಇದನ್ನು ನನಗೊಬ್ಬಳಿಗೆ ಹೇಳಿದಳು. ತಾಯಿಗೆ ಹೇಳಿದರೆ ಕೆಲಸ ಬಿಡಿಸುತ್ತಾರೆ ಎಂಬ ಭಯ.

ಕಂಪನಿಯಲ್ಲಿ ಒಂದು ನಿಯಮವಿತ್ತು. ಹತ್ತು ಕಿಲೋಮೀಟರಿಗಿಂತ ದೂರದಿಂದ ಸಂಜೆ ಪಾಳಿಗೆ ಬರುವ ಹೆಂಗಸರಿಗೆ ವ್ಯಾನು ಕೊಡಬೇಕು. ಅಕ್ಕ ಕಾಂಟ್ರಾಕ್ಟಿನ ಸೂಪರ್‌ವೈಸರನ ಹತ್ತಿರ ಕೇಳಿದಳು, ಅವನು ತಮಿಳಿನವನು. ಅವನು ಫೋನು ತೆಗೆದು, ಕಾರ್ಖಾನೆಯ ಮೇಲೊಂದು ಬೆರಳು, ನಮ್ಮೂರ ಮೇಲೊಂದು ಬೆರಳು ಇಟ್ಟು, ನಡುವೆ ನೆಟ್ಟಗೆ ಒಂದು ಗೆರೆ ಎಳೆದು ತೋರಿಸಿದನಂತೆ.

"ಎಟ್ಟು ಕಿಲೋಮೀಟರ್‌ದಾಮ್ಮಾ. ಎಂಟೇ ಎಂಟು. ವ್ಯಾನ್ ಕಿಡೈಯಾದು, ಸಿಗಲ್ಲ."

"ಆ ಗೆರೆ ಗೋಡೆ ಮ್ಯಾಲೆ ಹೋಗ್ತಾ ಐತಲ್ಲ ಸಾರ್, ನಂಗೇನು ರೆಕ್ಕೆ ಅವ್ಯಾ?" ಎಂದಳಂತೆ ಇವಳು.

ಹಾಗಾದರೆ ನೀನೇ ಅಳೆದುಕೊಂಡು ಬಾ ಎಂದು ಅವನು ನಕ್ಕು ಕಳಿಸಿದ. ತಮಾಷೆಗೆ ಹೇಳಿದ್ದ. ಇವಳು ತಮಾಷೆಗೆ ತೆಗೆದುಕೊಳ್ಳಲಿಲ್ಲ. ಅವಳಪ್ಪನ ಹಳೆಯ ದೊಡ್ಡ ಸೈಕಲ್ಲು ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ನಿಂತಿತ್ತು. ಅದರ ಮುಂದಿನ ಚಕ್ರದ ಅಚ್ಚಿನ ಹತ್ತಿರ ಒಂದು ಪುಟ್ಟ ಮೀಟರು, ಕಡ್ಡಿಗೆ ಕಟ್ಟಿದ ಮೊಳೆ ಸುತ್ತಿಗೊಮ್ಮೆ ತಾಕಿದಾಗ ಟಿಕ್ ಎಂದು ಎಣಿಸಿಕೊಳ್ಳುವಂಥದ್ದು. ಇಬ್ಬರೂ ಸೇರಿ ಸೀಮೆಎಣ್ಣೆ ಹಾಕಿ ಉಜ್ಜಿ, ಬಿಚ್ಚಿ, ನನ್ನ ಸೈಕಲ್ಲಿಗೆ ಕಟ್ಟಿದೆವು. ಮನೆಬಾಗಿಲಿಂದ ಕಾರ್ಖಾನೆಯ ಗೇಟಿಗೆ ಹನ್ನೊಂದೂವರೆ ತೋರಿಸಿತು. ಅಕ್ಕ ಅವತ್ತು ದಾರಿಯುದ್ದಕ್ಕೂ ಹಾಡಿಕೊಂಡು ಹೋದಳು.

ಮಾರನೆಯ ದಿನ ಕ್ಯಾಂಟೀನಿನಲ್ಲಿ, ಹಗಲು ಪಾಳಿಯವರು ಏಳುವ, ಸಂಜೆಯವರು ಬರುವ ಹೊತ್ತಿನಲ್ಲಿ, ಅವಳು ಮೀಟರನ್ನೇ ಬಿಚ್ಚಿಕೊಂಡು ಬಂದು ಅವನ ಮುಂದಿಟ್ಟಳು. ನಾನು ಪಕ್ಕದಲ್ಲೇ ಇದ್ದೆ. ಅವನು ಅದನ್ನು ಹೊರಳಿಸಿ ನೋಡಿದ. ಹಿಂಬದಿಯಲ್ಲಿ ಒತ್ತಿದ್ದ ಅಂಕಿ ಕಂಡಿತು.

"ಇರುಪತ್ತೆಟ್ಟು! ಏಮ್ಮಾ, ಇದು ಇಪ್ಪತ್ತೆಂಟು ಇಂಚಿನ ಚಕ್ರಕ್ಕಲ್ವಾ? ನಿಂದು ಲೇಡೀಸ್ ಸೈಕಲ್, ಇಪ್ಪತ್ತಾರು. ಚಿಕ್ಕ ಚಕ್ರ ಜಾಸ್ತಿ ಸುತ್ತುತ್ತೆ, ಜಾಸ್ತಿ ತೋರ್ಸುತ್ತೆ. ಯಾರ್‌ಕಿಟ್ಟೆ ಕಾದು ಕುತ್ತುರೆ?" ಯಾರ ಕಿವಿಗೆ ಹೂವು ಇಡಲು ಬಂದಿದ್ದೀಯ ಎಂದು ಕೇಳಿದ್ದು ಅವನು. ಆಮೇಲೆ ಮೀಟರನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿ, "ಕಳ್ಳ ಮೀಟರು!" ಎಂದ.

ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು. ಅವನು ಹೇಳಿದ ಲೆಕ್ಕ ನಿಜ, ಅದನ್ನು ಒಪ್ಪುತ್ತೇನೆ. ಅಪ್ಪನ ಸೈಕಲ್ಲಿನ ಮೀಟರು ಅಪ್ಪನ ಚಕ್ರಕ್ಕೆ ಮಾಡಿದ್ದು, ನಮಗಿಬ್ಬರಿಗೂ ಅದು ಹೊಳೆದಿರಲಿಲ್ಲ. ಆದರೆ ಎರಡು ಊರಿನ ನಡುವೆ ಗೋಡೆಗಳ ಮೇಲೆ ಬೆರಳಿನಲ್ಲಿ ಗೆರೆ ಎಳೆದವನದು ಅಳತೆ, ಇಡೀ ದಾರಿ ತುಳಿದು ಬಂದವಳದು ಕಳ್ಳತನ! ತಿಳಿಯದೆ ಮಾಡಿದ ತಪ್ಪಿಗೂ ಮೋಸಕ್ಕೂ ಅವನಿಗೆ ವ್ಯತ್ಯಾಸ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬಡವರ ವಿಷಯದಲ್ಲಿ ಅವೆರಡೂ ಒಂದೇ ಎಂಬುದೂ ಅವನಿಗೆ ಗೊತ್ತಿತ್ತು.

ಅಕ್ಕ ಅಳಲಿಲ್ಲ. ಮೀಟರನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಕೆಲಸದ ಲೈನಿಗೆ ಹೋದಳು.

ಭಾನುವಾರ ಬೆಳಗ್ಗೆ ನನ್ನನ್ನು ಅಂಗಳಕ್ಕೆ ಕರೆದಳು. ಸಗಣಿ ಸಾರಿಸಿದ ನೆಲ ಇನ್ನೂ ಹಸಿಯಾಗಿತ್ತು. ರಂಗೋಲಿ ಬಟ್ಟಲಿನಿಂದ ಚಿಟಿಕೆ ಪುಡಿಯನ್ನು ನೀರಲ್ಲಿ ಕಲಸಿ, ಮುಂದಿನ ಟಯರಿಗೆ ಒಂದು ಚುಕ್ಕಿ ಇಟ್ಟಳು. ಆಮೇಲೆ ಸೀಟಿನ ಮೇಲೆ ಕೂತು, "ತಳ್ಳಮ್ಮಿ ಮೆತ್ತಗೆ" ಎಂದಳು. ಕೂರದೆ ತಳ್ಳಿದರೆ ಟಯರು ಅದುಮಿಕೊಳ್ಳುವುದಿಲ್ಲ, ಅಳತೆ ಬೇರೆ ಬರುತ್ತದೆ ಎಂದು ಊರಿನ ಪಂಕ್ಚರ್ ಅಂಗಡಿಯಲ್ಲಿ ಕೇಳಿಕೊಂಡು ಬಂದಿದ್ದಳು. ನಾನು ತಳ್ಳಿದೆ. ನೆಲದ ಮೇಲೆ ಒಂದು ಬಿಳಿ ಚುಕ್ಕಿ, ಚಕ್ರ ಒಂದು ಸುತ್ತು ಬಂದ ಮೇಲೆ ಇನ್ನೊಂದು. ರವಿಕೆ ಹೊಲಿಯಲು ಅವಳು ಇಟ್ಟುಕೊಂಡಿದ್ದ ಟೇಪಿನಿಂದ ನಡುವಿನ ದೂರ ಅಳೆದೆವು. ಟೇಪು ಸಾಲದೆ ಇನ್ನೊಮ್ಮೆ ಹಿಡಿಯಬೇಕಾಯಿತು.

ಅದು ಸಾಲದೆಂದು ಹೆದ್ದಾರಿಗೂ ಹೋದೆವು. ಕಿಲೋಮೀಟರ್ ಕಲ್ಲಿನಿಂದ ಕಲ್ಲಿಗೆ ತುಳಿದು ಮೀಟರು ನೋಡಿದೆವು. ಐದನೆಯ ಕಲ್ಲು ಮುಟ್ಟುವ ಹೊತ್ತಿಗೆ ಅದು ಐದೂಕಾಲು ದಾಟಿತ್ತು. ಎರಡೂ ಲೆಕ್ಕ ತಾಳೆಯಾಯಿತು. ಕಲ್ಲಿನ ಮೇಲೆ ಕೂತು ನಾನು ತ್ರೈರಾಶಿ ಹಾಕಿದೆ. ಹನ್ನೊಂದೂವರೆ ಎಂದು ತೋರಿಸಿದ ದಾರಿ ನಿಜವಾಗಿ ಹತ್ತೂಮುಕ್ಕಾಲು.

"ಹತ್ತಕ್ಕಿಂತ ಮ್ಯಾಲೇನಾ?" ಎಂದಳು.

"ಮ್ಯಾಲೇನೇ ಅಕ್ಕ."

"ಮತ್ತೊಂದ್ ಸಲ ಹಾಕು. ಓದ್ದೋಳಲ್ವಾ ನೀನು, ತಪ್ಪಾದ್ರೆ ಈ ಸಲ ನಿಂಗೇ ಕಳ್ಳಿ ಅಂತಾರೆ."

ಮತ್ತೆ ಹಾಕಿದೆ. ಅಷ್ಟೇ ಬಂತು. ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು, ಅವಳು ಕಲ್ಲಿಗೆ ಕೈ ಮುಗಿದಳು.

ಸೋಮವಾರ ಇಬ್ಬರೂ ಹೋಗಿ ಹೇಳಿದೆವು. ಹೇಗೆ ಅಳೆದೆವೆಂದು ನಾನು ಬಿಡಿಸಿ ವಿವರಿಸಿದೆ. ಅವನು ಈ ಸಲ ನಗಲಿಲ್ಲ. ಪೂರ್ತಿ ಕೇಳಿಸಿಕೊಂಡ. ಆಮೇಲೆ ಬಹಳ ಮೃದುವಾಗಿ, "ಅಪ್ಪಡಿಯಾ... ಅಷ್ಟು ದೂರಾನಾಮ್ಮಾ ನಿಮ್ಮೂರು? ದೂರದವರನ್ನ ಇಟ್ಕೊಂಡ್ರೆ ನಮಗೆ ಕಷ್ಟ. ಹತ್ತಿರದಲ್ಲೇ ಏನಾದ್ರೂ ಕೆಲಸ ನೋಡ್ಕೊಳ್ಳಮ್ಮಾ" ಎಂದ.

ತಿಂಗಳು ಮುಗಿಯುತ್ತಲೇ ಅವಳ ಕಾಂಟ್ರಾಕ್ಟು ಮುಂದುವರಿಯಲಿಲ್ಲ.

ಎಂಟು ಎಂದಾಗ ವ್ಯಾನಿಲ್ಲ, ಹತ್ತರ ಮೇಲೆ ಎಂದಾಗ ಕೆಲಸವಿಲ್ಲ. ಯಾವ ಅಳತೆ ತಂದರೂ ಅವಳೇ ಸೋಲುವ ಹಾಗೆ ನಿಯಮವನ್ನು ಹಿಡಿದುಕೊಂಡವನ ಹತ್ತಿರ ನಾವು ಟೇಪು ಹಿಡಿದುಕೊಂಡು ಹೋಗಿದ್ದೆವು. ನಾನು ಮ್ಯಾನೇಜರರವರೆಗೂ ಹೋದೆ, ಅದು ಕಾಂಟ್ರಾಕ್ಟಿನವರ ವಿಷಯ ಎಂದರು. ಕಾಂಟ್ರಾಕ್ಟಿನವರನ್ನು ಕೇಳಿದರೆ, ಅದು ಕಂಪನಿಯ ವಿಷಯ ಎಂದರು.

ಆದರೆ ಅಷ್ಟಕ್ಕೆ ಮುಗಿಯಲಿಲ್ಲ. ನಮ್ಮೂರಿನ, ಅಕ್ಕಪಕ್ಕದ ಊರಿನ ಇತರ ಹೆಂಗಸರು, ಅವತ್ತು ಕ್ಯಾಂಟೀನಿನಲ್ಲಿ ನಕ್ಕವರೂ ಸೇರಿ, ವ್ಯಾನು ಬರದಿದ್ದರೆ ಸಂಜೆ ಪಾಳಿಗೆ ನಾವೂ ಬರುವುದಿಲ್ಲ ಎಂದು ಗೇಟಿನ ಹೊರಗೆ ನಿಂತುಬಿಟ್ಟರು. ಲೈನು ನಿಂತಿತು. ಆಗ ಮ್ಯಾನೇಜರರು ತಮ್ಮ ಕಾರನ್ನೇ ನಮ್ಮೂರಿಗೆ ಓಡಿಸಿ ದೂರ ನೋಡಿಕೊಂಡು ಬರುವಂತೆ ಡ್ರೈವರನ್ನು ಕಳಿಸಿದರು. ಕಾರು ತೋರಿಸಿದ್ದೂ ಹತ್ತೂಮುಕ್ಕಾಲೇ. ಕಾರಿನ ಚಕ್ರ ಎಷ್ಟು ಇಂಚಿನದು ಎಂದು ಯಾರೂ ಕೇಳಲಿಲ್ಲ. ಮುಂದಿನ ವಾರದಿಂದ ನಮ್ಮೂರ ತಿರುವಿಗೆ ವ್ಯಾನು ಬಂತು.

ಅಕ್ಕನನ್ನು ಮಾತ್ರ ಯಾರೂ ವಾಪಸ್ ಕರೆಯಲಿಲ್ಲ. "ಅವಳು ತಕರಾರು ಗಿರಾಕಿ" ಎಂದರಂತೆ. ಅವಳು ಗುಲಾಬಿ ಬೆಳೆಯುವ ಪಾಲಿಹೌಸಿಗೆ ಹೋಗತೊಡಗಿದಳು, ಮುಳ್ಳು ಚುಚ್ಚಿ ಬೆರಳುಗಳೆಲ್ಲ ಕಪ್ಪಾಗಿದ್ದವು. ನನ್ನ ಡಿಗ್ರಿ ಮುಗಿದ ದಿನ ನಮ್ಮಮ್ಮನಿಗಿಂತ ಮೊದಲು ಸಕ್ಕರೆ ತಂದು ಬಾಯಿಗೆ ಹಾಕಿದವಳು ಅವಳು. "ಇನ್ಮ್ಯಾಕೆ ಅಳತೆ ನೀನೇ ಹೇಳು, ನಂಬ್ತಾರೆ" ಎಂದಿದ್ದಳು. ನನಗೆ ಬೇರೆ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಸಿಕ್ಕಿ ನಾನು ಹೊಸೂರಿನಲ್ಲೇ ಮನೆ ಮಾಡಿದೆ. ಹೋದ ವರ್ಷ ಅಕ್ಕನಿಗೆ ಕಾಮಾಲೆ ಆಯಿತು. ನಾಟಿ ಔಷಧಿ, ಆಮೇಲೆ ಕೃಷ್ಣಗಿರಿಯ ಆಸ್ಪತ್ರೆ... ಅಷ್ಟು ಹೊತ್ತಿಗೆ ತಡವಾಗಿತ್ತು. ನಲವತ್ತೈದು ಕೂಡ ತುಂಬಿರಲಿಲ್ಲ.

ಮೊನ್ನೆ ಊರಿಗೆ ಹೋದಾಗ ತಿರುವಿನಲ್ಲಿ ನಾಲ್ಕೈದು ಹುಡುಗಿಯರು ಊಟದ ಚೀಲ ಹಿಡಿದುಕೊಂಡು ಸಂಜೆ ಪಾಳಿಯ ವ್ಯಾನಿಗೆ ಕಾಯುತ್ತಿದ್ದರು. ಒಬ್ಬಳು ನನ್ನ ಗುರುತು ಹಿಡಿದು ಮಾತಿಗೆ ನಿಂತಳು. ವ್ಯಾನು ಯಾವಾಗಿನಿಂದ ಬರುತ್ತಿದೆ ಗೊತ್ತೇನಮ್ಮ ಎಂದು ಕೇಳಿದೆ.

"ಮೊದಲಿಂದ್ಲೂ ಬತ್ತೈತಲ್ಲಕ್ಕ. ನಮ್ ಕಂಪ್ನಿಯೋರು ಒಳ್ಳೇರು."

ಒಳ್ಳೆಯವರು! ಸುಮ್ಮನಿರಲು ನನ್ನಿಂದ ಆಗಲಿಲ್ಲ. ರಸ್ತೆಯಲ್ಲೇ ನಿಂತು, ಗೋಡೆಯಿಂದ ಹಿಡಿದು ರಂಗೋಲಿ ಚುಕ್ಕಿಯವರೆಗೆ ಎಲ್ಲ ಹೇಳಿದೆ. ಹುಡುಗಿಯರು ಬಾಯಿ ಬಿಟ್ಟುಕೊಂಡು ಕೇಳಿದರು. ಅಷ್ಟರಲ್ಲಿ ವ್ಯಾನು ಬಂತು. ಒಬ್ಬೊಬ್ಬರೇ ಹತ್ತಿದರು. ಆ ಹುಡುಗಿ ಕಿಟಕಿಯ ಪಕ್ಕ ಕೂತು ತಲೆ ಹೊರಗೆ ಹಾಕಿ, "ಅವ್ರು ಯಾವ್ ಸೀಟಲ್ಲಿ ಕುಂತ್ಕಂತಿದ್ರಕ್ಕ?" ಎಂದು ಕೇಳಿದಳು.

"ಒಂದ್ ದಿನಾನೂ ಹತ್ಲಿಲ್ಲ ಕಣಮ್ಮಿ" ಎಂದೆ.

ವ್ಯಾನು ಹೊರಟಿತ್ತು. ಅವಳಿಗೆ ಕೇಳಿಸಿತೋ ಇಲ್ಲವೋ...