ಕಣ್ಣಿನ ಕಾವಲುಗಾರ

ಆಯಿಯ ಸೆರಗಿನ ಒಂದು ಮೂಲೆ ಸದಾ ಒದ್ದೆಯಾಗಿರುತ್ತಿತ್ತು. ಅದನ್ನು ಬತ್ತಿಯಂತೆ ಹೊಸೆದುಕೊಂಡು ಅವಳು ಹೊರಬಿದ್ದಳೆಂದರೆ ಭಾಲ್ಕಿಯ ನಮ್ಮ ಓಣಿಯ ಮಕ್ಕಳೆಲ್ಲ ದಿಕ್ಕಾಪಾಲು. ನಮ್ಮಪ್ಪನ ತಾಯಿಯಾದ ಆಯಿಗೆ ಜಗತ್ತಿನಲ್ಲಿ ಇದ್ದದ್ದು ಒಬ್ಬನೇ ವೈರಿ, ಕಣ್ಣಿನ ಗೀಜು. "ಮಾರಿ ತೊಳ್ಯೋದು ಎಲ್ಲಾರಿಗೂ ಬರ್ತದ. ಕಣ್ಣ ತೊಳ್ಯೋದು ನನಗೊಬ್ಬಾಕಿಗೇ ಬರ್ತದ" ಎನ್ನುತ್ತಿದ್ದಳು. ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆದ ಹೊಸತರಲ್ಲಿ ನಮ್ಮ ಅಂಗಳಕ್ಕೆ ನೀರು ಕೇಳಿಕೊಂಡು ಬಂದ ಸಿಪಾಯಿಯನ್ನೂ ಅವಳು ಬಿಡಲಿಲ್ಲ. ಪಾಪ, ಬಂದೂಕು ಗೋಡೆಗೆ ಆನಿಸಿ, ಕತ್ತು ಹಿಂದಕ್ಕೆ ಚಾಚಿ ಕಣ್ಣು ಒರೆಸಿಸಿಕೊಂಡು ಹೋದ.

ತನ್ನ ಕಣ್ಣಿಗೆ ಮಾತ್ರ ಅವಳು ನೇರ ಬೆರಳನ್ನೇ ಹಾಕುತ್ತಿದ್ದಳು. ಲೋಳೆಯನ್ನು ದಾರದಂತೆ ಎಳೆದು ತೆಗೆಯುವಳು. ಅರೆಗಳಿಗೆಯಲ್ಲಿ ಮತ್ತೆ ಬರುವುದು, ಮತ್ತೆ ಎಳೆಯುವಳು. ಕಣ್ಣು ಕೆಂಡವಾದವು. ಹೆರಿಗೆಗೆ ಬಂದಿದ್ದ ಸೋದರತ್ತೆಯ ಕೂಸಿಗೆ ಹೊಲಿಯುತ್ತಿದ್ದ ಕೌದಿ ಅರ್ಧಕ್ಕೇ ನಿಂತಿತು. ಸೂಜಿಯ ಕಣ್ಣು ಕಾಣದೆ ಆಯಿ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಪ್ಪ ಅವಳನ್ನೂ ನನ್ನನ್ನೂ ಕರೆದುಕೊಂಡು ಬೀದರಿನ ಡಾಕ್ಟರ್ ಸಾಹೇಬರ ಬಳಿ ಹೋದ.

"ಅಮ್ಮಾ, ಆ ಲೋಳಿ ಹೊಲಸಲ್ಲರಿ" ಎಂದರು ಅವರು. "ಕಣ್ಣಿನ ಪಸಿ ಆರಲಾರದಂಗ ನೋಡ್ಕೋತದ, ಧೂಳ ಹಿಡದು ಹೊರಗ ಹಾಕ್ತದ. ಕಣ್ಣಿನ ಕಾವಲುಗಾರ ಅದು. ನೀವು ಎಳದಷ್ಟೂ ಹೆಚ್ಚಾಗ್ತದರಿ. ಕೈ ಹಚ್ಚಬ್ಯಾಡ್ರಿ."

"ಕಾವಲಿನವರ ಹೆಸರು ತೆಗೀಬ್ಯಾಡ್ರಿ ಸಾಹೇಬರ, ನಿಜಾಮನ ಕಾಲದಾಗ ಭಾಳ ನೋಡೇವಿ" ಎಂದಳು ಆಯಿ. ಸಾಹೇಬರಿಗೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. ಚಷ್ಮಾ ತೆಗೆದು ಒರೆಸಿಕೊಳ್ಳಲು ಹೋದರು.

"ಕೈ ಹಚ್ಚಬ್ಯಾಡ್ರಿ" ಎಂದಳು.

ಮನೆಗೆ ಬಂದಮೇಲೆ ಕೈ ಮಾತು ಕೇಳಬೇಕಲ್ಲ. ಆಯಿಯೇ ಉಪಾಯ ಕಂಡುಕೊಂಡಳು. "ಕೈಗಿ ಹಿಟ್ಟ ಮೆತ್ತಿದ್ರ ಕಣ್ಣಿಗಿ ಹೋಗಂಗಿಲ್ಲ" ಎಂದು ಬೆಳಗಿನಿಂದ ಸಂಜೆಯವರೆಗೆ ಜೋಳದ ರೊಟ್ಟಿ ಬಡಿಯತೊಡಗಿದಳು. ಓಣಿಯವರೆಲ್ಲ ತಿಂದರು, ಒಣಗಿಸಿಟ್ಟದ್ದು ಗೂಡಿನ ತುಂಬ ಆಯಿತು. "ಇನ್ನೊಂದು ಪಲ್ಟನ್ ಬರಲಿ, ಚಿಂತಿಲ್ಲ" ಎಂದ ಅಪ್ಪ. ಕಣ್ಣು ತಿಳಿಯಾದವು. ಕೂಸು ಅಂಬೆಗಾಲಿಡುವ ಹೊತ್ತಿಗೆ ಕೌದಿಯೂ ಮುಗಿಯಿತು.

ಎಷ್ಟೋ ವರ್ಷಗಳ ಮೇಲೆ ಆಯಿ ಹಾಸಿಗೆ ಹಿಡಿದಳು. ಅವಳ ಕಣ್ಣಂಚಿನಲ್ಲಿ ಗೀಜು ಕಂಡು ನಾನು ನನ್ನ ಸೆರಗನ್ನು ಒದ್ದೆ ಮಾಡಿಕೊಂಡು ಹೋದೆ. ಅವಳು ನನ್ನ ಕೈ ಹಿಡಿದಳು.

"ಇರ್ಲಿ ಬಿಡವ್ವಾ. ಅವ ಒಬ್ಬವ ಕಾವಲ ಕಾಯಲಿ."

ಆಯಿ ಹೋದ ದಿನ ನಾನು ಮನಸಾರೆ ಅತ್ತೆ. ಕಣ್ಣಿಗೆ ಕೈ ಹಚ್ಚಲಿಲ್ಲ.