ಗ್ಯಾಲರಿಯ ಕೆಳಗಿನ ಒಂಬತ್ತು ನಿಮಿಷ

ನಮ್ಮ ದೊಡ್ಡಪ್ಪ ಇಪ್ಪತ್ತೆರಡು ಸೂಪರ್ ಕಪ್ ಫುಟ್‌ಬಾಲ್ ಪಂದ್ಯಗಳಿಗೆ ಹೋಗಿದ್ದಾರೆ, ಒಂದು ಗೋಲನ್ನೂ ನೋಡಿಲ್ಲ. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತದೆ. ನಾನು ಬಸ್ ಓಡಿಸುವವಳು. ರಜೆ ಸಿಕ್ಕಿದರೆ ಸಾಕು, ಟಿಕೆಟ್ಟಿನ ಸಾಲಿನಲ್ಲಿ ನಿಂತು ಬೆವರು ಸುರಿಸುತ್ತೇನೆ. ಈ ಮಹಾಶಯರಿಗೆ ಪಾಸು ಮನೆ ಬಾಗಿಲಿಗೇ ಬರುತ್ತದೆ. ಬಂದರೇನು, ಹೋಗಿ ಗ್ಯಾಲರಿಯ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕೂರುತ್ತಾರೆ.

ದೊಡ್ಡಪ್ಪ ಲೋಹದ ಮೇಲೆ ಹೆಸರು ಕೆತ್ತುವವರು. ದೇಶದ ಲೀಗ್ ಗೆದ್ದ ತಂಡಕ್ಕೂ ಕಪ್ ಗೆದ್ದ ತಂಡಕ್ಕೂ ವರ್ಷಕ್ಕೊಮ್ಮೆ ಒಂದೇ ಒಂದು ಪಂದ್ಯ ನಡೆಯುತ್ತದಲ್ಲ, ಅದರ ಬೆಳ್ಳಿ ಟ್ರೋಫಿಯ ಮೇಲೆ ಗೆದ್ದವರ ಹೆಸರು ಕೆತ್ತುವುದು ಅವರ ಕೆಲಸ. ಕೊನೆಯ ಸೀಟಿ ಊದಿದ ಮೇಲೆ ಆಟಗಾರರು ಕೈಕುಲುಕಿ, ಪದಕ ಹಾಕಿಸಿಕೊಂಡು, ನಾಯಕ ಟ್ರೋಫಿ ಎತ್ತುವುದಕ್ಕೆ ಹೆಚ್ಚೆಂದರೆ ಹದಿನೈದು ನಿಮಿಷ. ಫಲಿತಾಂಶದ ಚೀಟಿ ಕೆಳಗೆ ಬಂದು, ಟ್ರೋಫಿ ಮತ್ತೆ ಮೇಲೆ ಹೋಗುವ ಹೊತ್ತನ್ನು ಕಳೆದರೆ ದೊಡ್ಡಪ್ಪನ ಪಾಲಿಗೆ ಉಳಿಯುವುದು ಒಂಬತ್ತು.

ಅದಕ್ಕೆ ಅವರದೇ ಒಂದು ದಾರಿ ಇತ್ತು. ಬೆಳಿಗ್ಗೆಯೇ ಬೆಳ್ಳಿಯ ಮೇಲೆ ತೆಳ್ಳಗೆ ಬಿಳಿ ಬಣ್ಣ ಸವರುತ್ತಿದ್ದರು. ಅದು ಒಣಗಿದ ಮೇಲೆ ಒಂದು ತಂಡದ ಹೆಸರನ್ನು ಕೆಂಪು ಪೆನ್ಸಿಲ್ಲಿನಲ್ಲಿ, ಇನ್ನೊಂದರ ಹೆಸರನ್ನು ನೀಲಿ ಪೆನ್ಸಿಲ್ಲಿನಲ್ಲಿ, ಎರಡನ್ನೂ ಒಂದೇ ಜಾಗದಲ್ಲಿ ಒಂದರ ಮೇಲೊಂದು ಬರೆಯುತ್ತಿದ್ದರು. ಚೀಟಿ ಬಂದ ಮೇಲೆ ಒಂದು ಬಣ್ಣದ ಗೆರೆಯ ಮೇಲೆ ಮಾತ್ರ ಉಳಿ ನಡೆಯುತ್ತಿತ್ತು. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸೋತವರ ಹೆಸರು ಬಿಳಿ ನೀರಾಗಿ ಹೋಗುತ್ತಿತ್ತು. ಅಲ್ಲಿಯತನಕ ಟ್ರೋಫಿ ಇಬ್ಬರದೂ.

"ಆ ಹೊತ್ತು ಇದೆಯಲ್ಲ, ಅದೇ ಚೆಂದ ಕಣೆ," ಎನ್ನುತ್ತಿದ್ದರು. "ಎರಡೂ ಊರಿನವರು ಗೆದ್ದೇ ಇರ್ತಾರೆ. ಯಾರ ಮನೇಲೂ ಅಳು ಇಲ್ಲ."

ಈ ಸಲ ಲೀಗ್ ಗೆದ್ದವರು ಬಂದರಿನವರು, ಅವರದು ಕೆಂಪು. ಕಪ್ ಗೆದ್ದವರು ಗಿರಣಿಯವರು, ನೀಲಿ. ಎಂದಿನಂತೆ ನಾನೇ ದೊಡ್ಡಪ್ಪನನ್ನು ಕರೆದುಕೊಂಡು ಹೋದೆ. ಎಂದಿನಂತಲ್ಲದ್ದು ಒಂದೇ: ದೊಡ್ಡಮ್ಮನೂ ಹೊರಟಿದ್ದರು. "ದೀಪ ಹಿಡಿಯೋಕೆ ಒಬ್ರು ಬೇಡ್ವಾ?" ಎಂದರು. ದೊಡ್ಡಪ್ಪ ಉಳಿಗಳ ಚೀಲ ಎತ್ತಿಕೊಂಡು ಮುಂದೆ ನಡೆದರು.

ಕಾರಣ ನನಗೆ ಗೊತ್ತಿತ್ತು. ಕಳೆದ ಚಳಿಗಾಲದಿಂದ ದೊಡ್ಡಪ್ಪನ ಬಲಗೈ ನಡುಗುತ್ತಿತ್ತು. ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುವುದು, ಯಾರಾದರೂ ಬಂದರೆ ಕೈಯನ್ನು ಮೇಜಿನ ಕೆಳಗೆ ಇಳಿಸುವುದು, ಎಲ್ಲ ನೋಡಿದ್ದೆ. ಅಂಗಡಿಗೆ ಬರುವ ಉಂಗುರ, ಶಾಲೆಯ ಪದಕ, ನಾಯಿಯ ಕೊರಳ ಬಿಲ್ಲೆ, ಏಳು ತಿಂಗಳಿಂದ ಎಲ್ಲವನ್ನೂ ಪರದೆಯ ಹಿಂದೆ ಕೂತು ಕೆತ್ತುತ್ತಿದ್ದವರು ದೊಡ್ಡಮ್ಮ. ಗಿರಾಕಿಗಳು ಹೊಗಳುತ್ತಿದ್ದುದು ದೊಡ್ಡಪ್ಪನನ್ನು. ಅವರು ತಲೆ ತಗ್ಗಿಸಿ ಆ ಹೊಗಳಿಕೆಯನ್ನು ಹಾಗೇ ನುಂಗಿಕೊಳ್ಳುತ್ತಿದ್ದರು. ದೊಡ್ಡಮ್ಮನ ಬಾಯಿಗಂತೂ ಬೀಗ. ನನಗೆ ಇಬ್ಬರ ಮೇಲೂ ಸಿಟ್ಟಿತ್ತು.

ಆದರೆ ದೊಡ್ಡ ಟ್ರೋಫಿಯನ್ನು ಮಾತ್ರ ತಾವೇ ಕೆತ್ತುವುದೆಂದು ದೊಡ್ಡಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಬೆಳ್ಳಿಯ ಮೇಲೆ ಉಳಿ ಒಮ್ಮೆ ಜಾರಿದರೆ ಆ ಗೀರು ಟ್ರೋಫಿ ಇರುವ ತನಕ ಇರುತ್ತದೆ. ಇಡೀ ದೇಶ ನೋಡುವ ವಸ್ತು. ಮೇಲಾಗಿ, ಅದರಲ್ಲಿ ಅವರು ಅಲ್ಲಿಯತನಕ ಕೆತ್ತಿದ್ದ ಇಪ್ಪತ್ತೊಂದು ಸಾಲುಗಳಲ್ಲಿ ಒಂದೂ ವಕ್ರವಿರಲಿಲ್ಲ.

ಪಂದ್ಯ ಮಧ್ಯಾಹ್ನ ಮೂರಕ್ಕೆ ಶುರುವಾಯಿತು. ಕೋಣೆಯಲ್ಲಿ ಒಂದು ಮೇಜು, ಮರಳು ತುಂಬಿದ ಚರ್ಮದ ದಿಂಬು, ಅದರ ಮೇಲೆ ಒರಗಿಸಿದ ಟ್ರೋಫಿ. ತಲೆಯ ಮೇಲೆ ಇಪ್ಪತ್ತು ಸಾವಿರ ಜನರ ಕಾಲು. ಸಿಮೆಂಟಿನ ಚಾವಣಿಯ ಮೂಲಕ ಕೂಗು ಕೂಗಾಗಿ ಬರುವುದಿಲ್ಲ, ದೂರದ ನೀರಿನ ಸದ್ದಾಗಿ ಇಳಿದು ಬರುತ್ತದೆ. ಎಡಗಡೆ ಸದ್ದು ಎದ್ದರೆ ಬಂದರಿನವರು, ಬಲಗಡೆ ಎದ್ದರೆ ಗಿರಣಿಯವರು. ದೀಪದ ಬೆಳಕಿನಲ್ಲಿ ಧೂಳು ಸಣ್ಣಗೆ ಉದುರುತ್ತಿತ್ತು. ದೊಡ್ಡಪ್ಪ ಕಣ್ಣು ಅರೆಮುಚ್ಚಿ ಕೂತಿದ್ದರು. ನಿದ್ದೆಯಲ್ಲ. ಅವರ ಪಂದ್ಯ ಹಾಗೆಯೇ ನಡೆಯುವುದು.

"ಈಗ ಚೆಂಡು ಎಡಗಡೆ ಗೆರೆ ಹತ್ರ ಇದೆ," ಎಂದರು. "ಒಬ್ಬ ಓಡ್ತಾ ಇದಾನೆ. ಹಿಂದೆ ಯಾರೂ ಇಲ್ಲ. ಹುಲ್ಲು ಎಷ್ಟು ಉದ್ದಕ್ಕಿದೆ ನೋಡು, ಮುಗಿಯೋದೇ ಇಲ್ಲ."

"ನಿಮ್ಮ ಮೈದಾನಕ್ಕೆ ಗೋಲ್ ಕಂಬ ಉಂಟಾ ದೊಡ್ಡಪ್ಪ?" ಎಂದೆ.

"ಇದೆ. ಆದ್ರೆ ದೂರ. ನಡ್ಕೊಂಡು ಹೋದ್ರೆ ಇನ್ನೂ ದೂರ ಹೋಗುತ್ತೆ."

ದೊಡ್ಡಮ್ಮ ನಕ್ಕರು. ದೀಪ ಸ್ವಲ್ಪ ಅಲುಗಿತು, ಗೋಡೆಯ ಮೇಲೆ ಟ್ರೋಫಿಯ ನೆರಳೂ ಅಲುಗಿತು. ಆ ನೆರಳಿನಲ್ಲಿ ನಾವು ಮೂವರೂ ಯಾವುದೋ ಕೆರೆಯ ತಳದಲ್ಲಿ ಕೂತಂತೆ ನನಗೆ ಅನ್ನಿಸಿತು. ಮೇಲೆ ಯಾರೋ ಗೆಲ್ಲುತ್ತಿದ್ದರು, ಯಾರೋ ಸೋಲುತ್ತಿದ್ದರು. ಕೆಳಗೆ ಕೆಂಪು, ನೀಲಿ ಎರಡೂ ಒಂದನ್ನೊಂದು ತಬ್ಬಿಕೊಂಡು ಮಲಗಿದ್ದವು. ಅದು ಹಾಗೇ ಇರಲಿ, ಆ ಸೀಟಿ ಊದದೇ ಇರಲಿ ಎಂದು ನಿಜವಾಗಿಯೂ ಬಯಸಿದೆ.

ನಡುನಡುವೆ ಮೆಟ್ಟಿಲು ಹತ್ತಿ ನೋಡಿ ಬಂದೆ. ಬಂದರಿನವರು ಒಂದು ಹೊಡೆದರು. ಕೊನೆಗಳಿಗೆಯಲ್ಲಿ ಗಿರಣಿಯವರು ಸರಿಗಟ್ಟಿದರು. ಈ ಪಂದ್ಯದಲ್ಲಿ ಹೆಚ್ಚುವರಿ ಆಟವಿಲ್ಲ, ನೇರ ಪೆನಾಲ್ಟಿ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಸದ್ದು ಎದ್ದು ಬಿದ್ದು, ಕೊನೆಗೆ ಬಲಗಡೆಯ ಚಾವಣಿ ಕಿತ್ತು ಬರುವ ಹಾಗೆ ಕುಣಿಯಿತು. ಚೀಟಿ ತರುವ ಅಧಿಕಾರಿ ಏದುಸಿರು ಬಿಡುತ್ತ ಬಂದರು.

"ಗಿರಣಿಯವರು! ಬೇಗ, ಯಜಮಾನ್ರೇ. ಒಂಬತ್ತು ನಿಮಿಷ!"

ದೊಡ್ಡಪ್ಪ ಉಳಿ ಎತ್ತಿಕೊಂಡರು. ಅದರ ಚೂಪು ತುದಿ ನೀಲಿ ಗೆರೆಯ ಮೇಲೆ ಬರುವುದು, ಕೆಂಪಿನ ಕಡೆ ಸರಿಯುವುದು, ಮತ್ತೆ ನೀಲಿ. ಎಡಗೈಯಿಂದ ಬಲಗೈಯ ಮಣಿಕಟ್ಟು ಒತ್ತಿ ಹಿಡಿದರು. ಆಗ ಎರಡೂ ಕೈ ನಡುಗಿದವು. ದೊಡ್ಡಮ್ಮ ದೀಪವನ್ನು ಹತ್ತಿರ ತಂದರು, ಅಷ್ಟೇ. ತಲೆ ಮೇಲೆ ತಲೆ ಬಿದ್ದರೂ ಆಕೆ 'ಕೊಡಿ ಇಲ್ಲಿ' ಅನ್ನುವವರಲ್ಲ.

ಒಂದು ನಿಮಿಷ ಹೋಯಿತು. ಅಧಿಕಾರಿ ಗಡಿಯಾರ ನೋಡಿದರು, ಆಮೇಲೆ ಆ ಕೈ ನೋಡಿದರು.

ದೊಡ್ಡಪ್ಪ ಎದ್ದು ನಿಂತರು. "ಸಾರ್, ಕೆತ್ತೋದು ಇವಳು," ಎಂದರು. "ನನ್ನ ಕೈ ಹೋಗಿದೆ. ಏಳು ತಿಂಗಳಿಂದ ಅಂಗಡೀಲಿ ಆಗಿರೋ ಕೆಲಸ ಎಲ್ಲ ಇವಳದೇ. ನಂದೂಂತ ಹೇಳ್ಕೊಂಡು ತಿರುಗ್ತಿದ್ದೆ."

ದೊಡ್ಡಮ್ಮ ದೀಪವನ್ನು ಅಧಿಕಾರಿಯ ಕೈಗೆ ಕೊಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತರು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಉಳಿ ನೀಲಿಯ ಮೇಲೆ ನಡೆಯಿತು. ದೊಡ್ಡಪ್ಪ ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದರು.

ಒಂದು ನಿಮಿಷ ಬಾಕಿಯಿರುವಾಗಲೇ ಕೆಲಸ ಮುಗಿಯಿತು. ಟ್ರೋಫಿ ಮೇಲೆ ಹೋಯಿತು. ನಾನು ದೊಡ್ಡಪ್ಪನ ತೋಳು ಹಿಡಿದು ಎಳೆದೆ. "ಈಗಲಾದ್ರೂ ಬನ್ನಿ, ಮೈದಾನ ಹೇಗಿರುತ್ತೆ ನೋಡಿ."

ಮೆಟ್ಟಿಲ ಕೊನೆಯಲ್ಲಿ ಇಳಿಬಿಸಿಲು ಮುಖಕ್ಕೆ ಹೊಡೆಯಿತು. ಹಸಿರು ಒಂದೇ ಸಮನೆ ಹರಡಿತ್ತು. ಬಂದರಿನ ಹುಡುಗರು ಹುಲ್ಲಿನ ಮೇಲೆ ಚೆಲ್ಲಾಪಿಲ್ಲಿಯಾಗಿ ಕೂತಿದ್ದರು. ಗಿರಣಿಯ ನಾಯಕ ಟ್ರೋಫಿ ಎತ್ತಲು ಬಗ್ಗಿದ. ದೊಡ್ಡಪ್ಪ ನೋಡಿದ್ದು ಅಷ್ಟೇ. "ಅವಳೊಬ್ಬಳೇ ಅಲ್ಲಿದಾಳೆ," ಎಂದವರೇ ತಿರುಗಿ ಮೆಟ್ಟಿಲಿಳಿದರು. ನಾನು ಹಣೆ ಚಚ್ಚಿಕೊಂಡು ಹಿಂದೆಯೇ ಓಡಿದೆ. ನಮ್ಮ ಬೆನ್ನ ಹಿಂದೆ ಇಡೀ ಮೈದಾನ ಗರ್ಜಿಸಿತು.

ದೊಡ್ಡಮ್ಮ ಮೇಜು ಒರೆಸುತ್ತಿದ್ದರು.

"ಚೆನ್ನಾಗಿ ಬಂದಿದೆ," ಎಂದರು ದೊಡ್ಡಪ್ಪ.

"ನೋಡದೆ ಹೇಳ್ಬೇಡಿ. ಗೋಡೆ ನೋಡ್ತಾ ನಿಂತಿದ್ರಿ."

"ನೋಡೋಕೆ ಭಯ ಆಯ್ತು ಕಣೆ."

"ಕೆಡಿಸಿಬಿಡ್ತೀನಿ ಅಂತಲಾ?"

"ಅಲ್ಲ. ನನಗಿಂತ ಚೆನ್ನಾಗಿ ಕೆತ್ತಿಬಿಡ್ತೀಯ ಅಂತ."

ದೊಡ್ಡಮ್ಮ ಒರೆಸುವ ಬಟ್ಟೆಯನ್ನು ಪಕ್ಕಕ್ಕಿಟ್ಟರು. ನಡುಗುವ ಆ ಬಲಗೈಯನ್ನೇ ಹಿಡಿದುಕೊಂಡು ಮೇಲಕ್ಕೆ ಹೊರಟರು. ಎದುರಿಗೆ ಇಳಿದು ಬರುತ್ತಿದ್ದ ಅಷ್ಟು ಜನರ ನಡುವೆಯೂ ದೊಡ್ಡಪ್ಪ ಕೈ ಬಿಡಿಸಿಕೊಳ್ಳಲಿಲ್ಲ.