ಯಂತ್ರಕ್ಕೆ ತಿಳಿಯದ ಇಂಗ್ಲಿಷು

ಸುಮಂಗಲಾಳ ಇಂಗ್ಲಿಷು ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಸಿಟ್ಟಾಗುತ್ತಾರೆ. ಪುಣೆಯ ಬಿಬವೇವಾಡಿಯ ಎರಡು ಕೋಣೆ ಮನೆಯ ಹುಡುಗಿ, ಅಪ್ಪ ದತ್ತು ಕಲಬುರಗಿ ಕಡೆಯ ವೆಲ್ಡರ್. ಅಂಥವಳ ಬಾಯಲ್ಲಿ ಬ್ರಿಟನ್ನಿನ ಗ್ಲಾಸ್ಗೋ ಶಹರದ ಓಣಿ ಇಂಗ್ಲಿಷು! ನಾಟಕವಲ್ಲದೆ ಮತ್ತೇನು ಎಂದು ಜನ ತೀರ್ಮಾನಿಸಿಬಿಡುತ್ತಾರೆ. ಎಲುಬಿಲ್ಲದ ನಾಲಗೆ, ಅನ್ನುವವರಿಗೇನು ಕಷ್ಟ.

ಗ್ಲಾಸ್ಗೋದ ಹಡಗು ಕಟ್ಟುವ ಕಾರ್ಖಾನೆಯೊಂದು ದತ್ತುವನ್ನು ಕರೆಸಿಕೊಂಡಾಗ ಅವಳಿಗೆ ಐದು ವರ್ಷ. ಮನೆಯಲ್ಲಿ ಅಪ್ಪ ಅವ್ವನ ಕನ್ನಡ, ಹೊಸ್ತಿಲು ದಾಟಿದರೆ ಶಾಲೆಯ ಹುಡುಗಿಯರ ಮಾತು. ಯಾವ ಮಗುವೂ ಮಾತನ್ನು ಸಂತೆಯಲ್ಲಿ ಬದನೆಕಾಯಿ ಆರಿಸಿದ ಹಾಗೆ ಆರಿಸಿಕೊಳ್ಳುವುದಿಲ್ಲ. ಜೊತೆಗೆ ಆಡುವವರ ಬಾಯಲ್ಲಿದ್ದದ್ದೇ ಅದರ ಬಾಯಿಗೂ ಬರುತ್ತದೆ. ವೆಲ್ಡಿಂಗ್ ಹೊಗೆಗೆ ದತ್ತುವಿನ ಎದೆ ಕೆಟ್ಟಿತು, ಎಲ್ಲರೂ ಪುಣೆಗೆ ಮರಳಿದರು. ಆಗ ಅವಳಿಗೆ ಹದಿನೇಳು. ಅವ್ವ ಮರುವರ್ಷವೇ ತೀರಿಕೊಂಡಳು. ಈಗ ಮನೆ ನಡೆಯಬೇಕಾದರೆ ಸುಮಂಗಲಾಳೇ ದುಡಿಯಬೇಕು.

ಯೆರವಡಾದ ಕಾಲ್ ಸೆಂಟರಿನಲ್ಲಿ ಕೆಲಸ ಸಿಕ್ಕಿತು. ಬ್ರಿಟನ್ನಿನ ಮನೆಗಳಲ್ಲಿ ನೀರು ಕಾಯಿಸುವ ಗ್ಯಾಸ್ ಬಾಯ್ಲರ್ ಕೆಟ್ಟರೆ ಫೋನು ಇಲ್ಲಿಗೆ ಬರುತ್ತದೆ. ಆದರೆ ಅಲ್ಲೊಂದು ಸಾಫ್ಟ್‌ವೇರ್ ಕೂಡಿಸಿದ್ದರು. ನಮ್ಮವರು ಆಡಿದ ಇಂಗ್ಲಿಷನ್ನು ಆ ಕ್ಷಣದಲ್ಲೇ ಬಿಳಿಯರ ಇಂಗ್ಲಿಷು ಮಾಡಿ ಆಚೆ ಕಳಿಸುವುದು ಅದರ ಕೆಲಸ. ಅದಕ್ಕೆ ಗೊತ್ತಿದ್ದದ್ದು ನಮ್ಮವರ ಉಚ್ಚಾರಣೆ ಮಾತ್ರ. ಸುಮಂಗಲಾ ಬಾಯಿ ಬಿಟ್ಟಳೆಂದರೆ ಅದು ತಡವರಿಸಿ ಎಲ್ಲ ಕಲಸುಮೇಲೋಗರ ಮಾಡುತ್ತಿತ್ತು. ಬಿಳಿಯರ ಹಾಗೆ ಕೇಳಿಸಬೇಕಾದರೆ ಅವಳು ಮೊದಲು ನಮ್ಮ ಹಾಗೆ ಮಾತಾಡಲು ಕಲಿಯಬೇಕಂತೆ. ಇಂಥ ಜಾಣತನಕ್ಕೆ ಯಾವ ಗೋಡೆಗೆ ತಲೆ ಚಚ್ಚಿಕೊಳ್ಳೋಣ?

ಮೇಲ್ವಿಚಾರಕ ಓಂಕಾರ್ ಸೊಲ್ಲಾಪುರದವನು, ಕನ್ನಡ ಬಲ್ಲವನು.

"ಈ ಸೋಗು ಸಾಕು ಮಾಡವಾ," ಎಂದ. "ಎಲ್ಲಾರ ಹಂಗ ಮಾತಾಡು. ಇವತ್ತ ಕಡೀ ಪರೀಕ್ಷಾ ಅದ. ನಾನೂ ಕೇಳ್ಕೋತ ಕೂಡತೀನಿ. ಮಷೀನ್ ಬಂದ್ ಮಾಡಿದ್ರ ಇವತ್ತೇ ಮನಿಗಿ."

"ಆಗ್ಲಿರಿ," ಎಂದಳು.

ಮೂರು ವಾರದಿಂದ ಪಕ್ಕದ ಕುರ್ಚಿಯವರ ಮಾತನ್ನು ಬಾಯಿಪಾಠ ಮಾಡಿದ್ದಳು. ಮಧ್ಯಾಹ್ನ ಮೂರರವರೆಗೆ ಬಂದ ಕರೆಗಳೆಲ್ಲ ಸರಳವಾಗಿ ಮುಗಿದವು. ಓಂಕಾರ್ ತಲೆಯಾಡಿಸಿದ. ಇನ್ನೊಂದು ಕರೆ ಮುಗಿದರೆ ಕೆಲಸ ಕಾಯಂ.

ಆ ಕರೆ ಗ್ಲಾಸ್ಗೋದ ಮುದುಕಿಯೊಬ್ಬಳದು. ಬಿಸಿನೀರು ಬರುತ್ತಿಲ್ಲ ಎಂದಳು. ಬೆಳಗಿನಿಂದ ತಲೆ ಸುತ್ತುತ್ತಿದೆ, ಅಡಿಗೆಮನೆಯಲ್ಲಿ ಕೊಳೆತ ಮೊಟ್ಟೆಯಂಥ ವಾಸನೆ ಎಂದಳು. ಒಬ್ಬಳೇ ಇದ್ದಾಳೆ. ತಡಿ, ಒಲೆ ಹಚ್ಚಿ ಚಹಾಕ್ಕಿಟ್ಟು ಬರುತ್ತೇನೆ ಎಂದಳು.

ಗ್ಯಾಸು ಸೋರುತ್ತಿದೆ, ಒಲೆ ಹಚ್ಚಬೇಡಿ, ಆಚೆ ಹೋಗಿ ಎಂದಳು ಸುಮಂಗಲಾ. ಹೆದರಿಕೆಯಲ್ಲಿ ಕಲಿತ ಮಾತೆಲ್ಲ ಎಲ್ಲಿ ಹಾರಿಹೋಯಿತೋ, ಬಾಯಿಗೆ ಬಂದದ್ದು ಶಾಲೆಯ ಅಂಗಳದ ಇಂಗ್ಲಿಷೇ. ಯಂತ್ರ ಅದನ್ನು ಚಿಂದಿ ಮಾಡಿ ಕಳಿಸಿತು.

ಏನಂದೆ ಮಗಾ, ಒಂದೂ ತಿಳಿಯಲಿಲ್ಲ, ಎಂದಳು ಮುದುಕಿ.

ಸುಮಂಗಲಾ ನಮ್ಮವರ ಹಾಗೆ ಹೇಳಲು ನೋಡಿದಳು. ನಾಲಗೆ ಹೊರಳಲಿಲ್ಲ. ಇನ್ನೂ ಜೋರಾಗಿ ಹೇಳಿದಳು. ಆ ಕಡೆ ಮುದುಕಿ ಬೇಸತ್ತು, ಒಂದು ನಿಮಿಷ ಇರು, ಕಡ್ಡಿಪೆಟ್ಟಿಗೆ ಎಲ್ಲಿಟ್ಟೆನೋ ಎಂದು ಗೊಣಗುತ್ತಾ ಹುಡುಕತೊಡಗಿದಳು.

ಓಂಕಾರ್ ಕಿವಿಯ ಹೆಡ್‌ಫೋನು ಒತ್ತಿ ಹಿಡಿದು ಇವಳನ್ನೇ ನೋಡುತ್ತಿದ್ದ. ಮನೆಯಲ್ಲಿ ಅಪ್ಪ ಕೆಮ್ಮುತ್ತಾ ಕೂತಿರುತ್ತಾನೆ ಅನ್ನುವುದೂ ನೆನಪಿಗೆ ಬಂತು. ಸುಮಂಗಲಾ ಯಂತ್ರ ಬಂದ್ ಮಾಡಿದಳು.

ಆಮೇಲೆ ಅವಳು ಆಡಿದ್ದು ಬೈಗುಳಕ್ಕೆ ಹತ್ತಿರ. ಆ ಕಡ್ಡಿಪೆಟ್ಟಿಗೆ ಬಿಡಜ್ಜಿ, ದೀಪದ ಗುಂಡಿ ಮುಟ್ಟಬೇಡ, ಫೋನು ಅಲ್ಲೇ ಇಡು, ಹೊರಗೆ ನಡಿ, ಈಗಿಂದೀಗ! ಮುದುಕಿ ಮತ್ತೊಮ್ಮೆ ಹೇಳು ಎನ್ನಲಿಲ್ಲ. ಫೋನು ಇಟ್ಟ ಸದ್ದು, ಚಪ್ಪಲಿ ಎಳೆದ ಸದ್ದು, ಬಾಗಿಲು ಬಡಿದ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಆ ಊರಿನ ಗ್ಯಾಸು ತುರ್ತು ಸೇವೆಗೆ ತಾನೇ ಫೋನು ಮಾಡಿ ವಿಳಾಸ ಹೇಳಿದಳು.

ಓಂಕಾರ್ ಹೆಡ್‌ಫೋನು ತೆಗೆದಿಟ್ಟ.

"ಇದು ಸೋಗಲ್ಲಲಾ," ಎಂದ.

"ಅಲ್ರಿ. ಮೊದಲ ದಿನಾನೇ ಹೇಳಿದ್ದೆ."

"ಮಷೀನ್ ಬಂದ್ ಆದ ಸುದ್ದಿ ಮ್ಯಾಲಿನವರಿಗಿ ತಾನಾಗೇ ಹೋಗ್ತದವಾ. ನನ್ನ ಕೈಯಾಗ ಏನೂ ಇಲ್ಲ." ಅವಳ ಕೊರಳ ಗುರುತಿನ ಚೀಟಿಗಾಗಿ ಕೈ ಚಾಚಿದ. ಮುಖ ಎತ್ತಲಿಲ್ಲ.

ಸಂಜೆ ದತ್ತು ರೊಟ್ಟಿ ಬಡಿದು ಮುಗಿಸಿದ್ದ. ಇವಳು ಬಾಗಿಲಲ್ಲೇ ನಿಂತು ನಡೆದದ್ದನ್ನು ಹೇಳಿದಳು. "ಯಪ್ಪಾ, ಕೆಲಸ ಹೋತು," ಎಂದಾಗ ಅಳು ಬಂತು.

ದತ್ತು ಉಸಿರು ಸುಧಾರಿಸಿಕೊಂಡ.

"ಆಕಿ ಹೊರಗ ಹೋದ್ಲಾ?"

"ಗೊತ್ತಿಲ್ಲಪಾ. ಬಾಗಲಾ ಬಡದದ್ದು ಕೇಳ್ತು, ಅಷ್ಟೇ."

"ಹೋಗ್ಯಾಳ ಬಿಡು," ಎಂದ ದತ್ತು. "ಹನ್ನೆರಡು ವರ್ಷ ಅಲ್ಲಿ ಇದ್ದೆ. ನಾ ಏನ್ ಅಂದ್ರೂ ಮತ್ತೊಮ್ಮೆ ಹೇಳು ಅಂತಿದ್ರು. ಮಷೀನ್ ಬಂದ್ ಮಾಡಿದ ಮ್ಯಾಲ ನಿನಗ ಹಂಗ ಅನ್ಲಿಲ್ಲಲಾ ಆಕಿ? ಬಾ, ಉಣ್ಣು."